‘ದೇವರೇ ಹೇಳಿದ್ದು’ ಅಂದಾಗ ಏನು ಮಾಡಬೇಕು? ಆತ್ಮಿಕ ಮೋಸವನ್ನು ಗುರುತಿಸುವ ಸಮಗ್ರ ಮಾರ್ಗದರ್ಶಿ

ನನ್ನ ಹತ್ತಿರ ಒಂದು ಹಳೆಯ ನೋಟ್‌ಬುಕ್ ಇದೆ. ಅದರ ಮೊದಲ ಪುಟದಲ್ಲಿ ಇರುವುದು ಒಂದೇ ಸಾಲು: ‘ಈಗಿರುವ ಕೆಲಸ ಬಿಡು, ಮೂರು ತಿಂಗಳಲ್ಲಿ ದೇವರು ದೊಡ್ಡ ಬಾಗಿಲು ತೆರೆಯುತ್ತಾನೆ.’ ಪ್ರಾರ್ಥನಾ ಕೂಟಕ್ಕೆ ಬಂದಿದ್ದ ಅತಿಥಿ ಬೋಧಕರೊಬ್ಬರು ನನ್ನ ತಲೆ ಮೇಲೆ ಕೈಯಿಟ್ಟು ಹೇಳಿದ ಮಾತು ಅದು. ಮೈ ಜುಂ ಅಂದಿತ್ತು. ಕಣ್ಣಲ್ಲಿ ನೀರು ಬಂದಿತ್ತು. ಮರುವಾರವೇ ರಾಜೀನಾಮೆ ಬರೆದುಕೊಟ್ಟೆ. ಮೂರು ತಿಂಗಳಾಯಿತು, ಆರಾಯಿತು, ಹತ್ತಾಯಿತು. ಬಾಗಿಲು ಹೋಗಲಿ, ಕಿಟಕಿಯೂ ತೆರೆಯಲಿಲ್ಲ.

ಆಮೇಲೊಂದು ದಿನ ಥಟ್ಟನೆ ನೆನಪಾಯಿತು. ಕೂಟ ಶುರುವಾಗುವ ಮುಂಚೆ ಚಹಾ ಕುಡಿಯುತ್ತಾ ‘ಈ ಕೆಲಸ ಸಾಕಾಗಿ ಹೋಗಿದೆ’ ಅಂತ ಗೆಳೆಯನ ಹತ್ತಿರ ಗೊಣಗಿದವನು ನಾನೇ. ಎರಡು ಕುರ್ಚಿ ಆಚೆ ಆ ಬೋಧಕರು ಕೂತಿದ್ದರು. ಅವರು ಬೇಕಂತಲೇ ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ನಿಜವಾಗಿಯೂ ದೇವರ ಮಾತು ಅಂತಲೇ ಅವರು ನಂಬಿದ್ದಿರಬಹುದು. ನನ್ನ ತಪ್ಪು ಬೇರೆ ಇತ್ತು. ಆ ಮಾತು ನನ್ನ ಆಸೆಯ ಅಳತೆಗೆ ಹೊಲಿದ ಅಂಗಿಯ ಹಾಗೆ ಕೂತಿತ್ತು, ಹಾಗಾಗಿ ಪರೀಕ್ಷಿಸಬೇಕು ಅಂತ ನನಗೆ ಅನ್ನಿಸಲೇ ಇಲ್ಲ.

ಆತ್ಮಿಕ ಮೋಸದ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಕಳ್ಳ ಬೋಧಕರನ್ನು ಹುಡುಕಲು ಹೊರಡುತ್ತೇವೆ. ಅವರು ಇದ್ದಾರೆ, ನಿಜ. ಆದರೆ ಕಳ್ಳನಿಗೆ ಬಾಗಿಲು ತೆರೆಯುವವನು ಮನೆ ಒಳಗೇ ಇರುತ್ತಾನೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಅರ್ಧ ಪರೀಕ್ಷೆ ಬಂದ ಮಾತಿಗೆ, ಇನ್ನರ್ಧ ಕೇಳಿಸಿಕೊಂಡ ನಮಗೆ.

ಮೊದಲಿಗೆ ಒಂದು ಸಂಕೋಚ ಬಿಡಿ

‘ಪರೀಕ್ಷೆ ಮಾಡಿದರೆ ಅಪನಂಬಿಕೆ ಆಗುತ್ತದೆ, ಪವಿತ್ರಾತ್ಮನಿಗೆ ದುಃಖವಾಗುತ್ತದೆ’ ಅಂತ ಹೆದರುವವರು ತುಂಬಾ ಜನ. ಇದು ತಿರುಗುಮುರುಗು. ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯದಲ್ಲಿ ಅಪೊಸ್ತಲ (ಯೇಸು ಕಳಿಸಿದ ಸಂದೇಶಕ) ಪೌಲ ಒಂದೇ ಉಸಿರಿನಲ್ಲಿ ಹೇಳುತ್ತಾನೆ: ಆತ್ಮನನ್ನು ನಂದಿಸಬೇಡಿ, ಪ್ರವಾದನೆಗಳನ್ನು (ದೇವರ ಹೆಸರಿನಲ್ಲಿ ಹೇಳುವ ಮಾತುಗಳನ್ನು) ಹೀನೈಸಬೇಡಿ, ಎಲ್ಲವನ್ನೂ ಪರೀಕ್ಷಿಸಿ, ಒಳ್ಳೆಯದನ್ನು ಹಿಡಿದುಕೊಳ್ಳಿ. ನಂದಿಸಬೇಡಿ ಅಂದವನೇ ಪರೀಕ್ಷಿಸಿ ಅಂದ. ಯೋಹಾನನ ಮೊದಲ ಪತ್ರದ 4ನೇ ಅಧ್ಯಾಯ ಶುರುವಾಗುವುದೇ ಎಲ್ಲಾ ಆತ್ಮಗಳನ್ನು ನಂಬಬೇಡಿ, ಪರೀಕ್ಷಿಸಿ ನೋಡಿ ಅಂತ.

ಬೆರೋಯ ಅನ್ನುವ ಊರಿನವರು ಪೌಲನ ಬೋಧನೆ ಕೇಳಿ ಮನೆಗೆ ಹೋಗಿ ಶಾಸ್ತ್ರ ತೆಗೆದು ‘ಇವನು ಹೇಳಿದ್ದು ಸರಿಯೋ ಇಲ್ಲವೋ’ ಅಂತ ದಿನಾ ನೋಡುತ್ತಿದ್ದರು. ಅದಕ್ಕೆ ಅವರಿಗೆ ಬೈಗುಳ ಸಿಗಲಿಲ್ಲ, ಹೊಗಳಿಕೆ ಸಿಕ್ಕಿತು. ಅಪೊಸ್ತಲನನ್ನೇ ಪರೀಕ್ಷಿಸಬಹುದು ಅಂದಮೇಲೆ ಇನ್ನುಳಿದವರ ಮಾತೇನು?

ಹಾಗಂತ ಎಲ್ಲವನ್ನೂ ಅನುಮಾನದಿಂದ ನೋಡುವುದು ವಿವೇಚನೆಯಲ್ಲ. ಕೆಲವರಿಗೆ ತಪ್ಪು ಹುಡುಕುವುದೇ ಒಂದು ವರ ಸಿಕ್ಕ ಹಾಗೆ ಆಗಿಬಿಟ್ಟಿರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದು ಸರಿ. ಆದರೆ ಅದೇ ಹೆದರಿಕೆಯಲ್ಲಿ ಹಾಲು ಕುಡಿಯುವುದನ್ನೇ ಬಿಟ್ಟವನಿಗೂ ನಷ್ಟವೇ ಅಲ್ವಾ?

ಹಂತ 1: ಕೇಳಿದ್ದನ್ನು ಹಾಗೆಯೇ ಬರೆದಿಡಿ

ಪ್ರವಾದನೆ, ಕನಸು, ದರ್ಶನ, ಪ್ರಾರ್ಥನೆಯಲ್ಲಿ ಬಂದ ಬಲವಾದ ಅನಿಸಿಕೆ, ಯಾರೋ ಕೊಟ್ಟ ಸಲಹೆ, ಯಾವುದೇ ಆಗಿರಲಿ. ಅವತ್ತೇ ಬರೆಯಿರಿ. ಯಾರು ಹೇಳಿದರು, ಯಾವ ದಿನ, ಸರಿಯಾಗಿ ಯಾವ ಪದಗಳಲ್ಲಿ. ನಾಳೆಗೆ ಬಿಟ್ಟರೆ ನೆನಪು ಅದಕ್ಕೆ ಉಪ್ಪು ಖಾರ ಹಾಕುತ್ತದೆ. ನನ್ನ ಕಥೆಯನ್ನೇ ನೋಡಿ, ‘ಮೂರು ತಿಂಗಳಲ್ಲಿ’ ಅನ್ನುವುದನ್ನು ಬರೆದಿಟ್ಟಿರದಿದ್ದರೆ ನಾನು ಇವತ್ತಿಗೂ ಬಾಗಿಲ ಮುಂದೆ ಕಾಯುತ್ತಾ ಕೂತಿರುತ್ತಿದ್ದೆನೇನೋ.

ಬರೆಯುವಾಗ ಮೂರು ಭಾಗ ಮಾಡಿಕೊಳ್ಳಿ. ಏನು ಕೇಳಿದೆ ಅಥವಾ ಕಂಡೆ. ಅದಕ್ಕೆ ಯಾರು ಏನು ಅರ್ಥ ಕೊಟ್ಟರು. ಈಗ ನಾನು ಏನು ಮಾಡಬೇಕು ಅಂತ ಹೇಳುತ್ತಿದ್ದಾರೆ. ಈ ಮೂರನ್ನು ಒಂದೇ ಮುದ್ದೆ ಮಾಡಿದಾಗಲೇ ಎಡವಟ್ಟಾಗುವುದು.

ಅಪೊಸ್ತಲರ ಕೃತ್ಯಗಳು 21ನೇ ಅಧ್ಯಾಯ ಇದನ್ನು ಚೆನ್ನಾಗಿ ತೋರಿಸುತ್ತದೆ. ಅಗಬ ಅನ್ನುವ ಪ್ರವಾದಿ ಪೌಲನ ನಡುಕಟ್ಟನ್ನು ತೆಗೆದುಕೊಂಡು ತನ್ನದೇ ಕೈಕಾಲು ಕಟ್ಟಿಕೊಳ್ಳುತ್ತಾನೆ. ‘ಈ ನಡುಕಟ್ಟಿನ ಯಜಮಾನನನ್ನು ಯೆರೂಸಲೇಮಿನಲ್ಲಿ ಹೀಗೆ ಕಟ್ಟುತ್ತಾರೆ’ ಅನ್ನುತ್ತಾನೆ. ಅಲ್ಲಿದ್ದವರೆಲ್ಲ ಅಳುತ್ತಾ ‘ಹೋಗಬೇಡ’ ಅಂತ ಬೇಡಿಕೊಳ್ಳುತ್ತಾರೆ. ಗಮನಿಸಿ, ಅಗಬ ತಿಳಿಸಿದ್ದು ಮುಂದೆ ಬರುವ ಸೆರೆಯನ್ನು. ‘ಹೋಗಬೇಡ’ ಅನ್ನುವುದು ಕೇಳಿದವರು ಪ್ರೀತಿಯಿಂದ ಕಟ್ಟಿದ ಅರ್ಥ. ಪೌಲ ಸಂದೇಶವನ್ನು ತಳ್ಳಿಹಾಕಲಿಲ್ಲ. ಆದರೂ ಹೊರಟ. ಮಾತು ನಿಜವಿದ್ದೂ ಅದರಿಂದ ತೆಗೆದ ತೀರ್ಮಾನ ಬೇರೆಯಾಗಬಹುದು.

ಹಂತ 2: ನಿಮ್ಮ ಆಸೆಯನ್ನು ಮೇಜಿನ ಮೇಲೆ ಇಡಿ

ಇದು ಎಲ್ಲಕ್ಕಿಂತ ಕಷ್ಟದ ಹಂತ. ಜನ ಇದನ್ನು ಹಾರಿಸಿ ನೇರವಾಗಿ ಬೈಬಲ್ ತೆಗೆಯುತ್ತಾರೆ. ಆಮೇಲೆ ಬೈಬಲಿನಲ್ಲೂ ತಮಗೆ ಬೇಕಾದದ್ದೇ ಸಿಗುತ್ತದೆ.

1 ಅರಸುಗಳು 22ನೇ ಅಧ್ಯಾಯ ಓದಿ. ಇಸ್ರಾಯೇಲಿನ ಅರಸ ಅಹಾಬ ರಾಮೋತ್ ಗಿಲ್ಯಾದ್ ಅನ್ನುವ ಪಟ್ಟಣದ ಮೇಲೆ ಯುದ್ಧಕ್ಕೆ ಹೋಗಬೇಕು ಅಂತ ಮೊದಲೇ ನಿರ್ಧಾರ ಮಾಡಿಬಿಟ್ಟಿದ್ದಾನೆ. ಆಮೇಲೆ ಸುಮಾರು 400 ಪ್ರವಾದಿಗಳನ್ನು ಕರೆಸಿ ಕೇಳುತ್ತಾನೆ. ಅಷ್ಟೂ ಜನ ‘ಹೋಗು, ಗೆಲ್ಲುತ್ತೀ’ ಅನ್ನುತ್ತಾರೆ. ಒಬ್ಬನಂತೂ ಕಬ್ಬಿಣದ ಕೊಂಬು ಮಾಡಿಸಿಕೊಂಡು ಬಂದು ‘ಇವುಗಳಿಂದ ತಿವಿದು ಶತ್ರುಗಳನ್ನು ಮುಗಿಸುತ್ತೀ’ ಅಂತ ಅಭಿನಯಿಸಿ ತೋರಿಸುತ್ತಾನೆ. ಜತೆಗಿದ್ದ ಯೆಹೂದದ ಅರಸನಿಗೆ ಮಾತ್ರ ಏನೋ ಸರಿ ಕಾಣಲಿಲ್ಲ. ‘ಇನ್ನೊಬ್ಬ ಪ್ರವಾದಿ ಯಾರೂ ಇಲ್ಲವಾ?’ ಅಂತ ಕೇಳಿದ. ಅದಕ್ಕೆ ಅಹಾಬ ಕೊಟ್ಟ ಉತ್ತರದ ಸಾರ ಇಷ್ಟು: ಮೀಕಾಯೆಹು ಅಂತ ಒಬ್ಬ ಇದ್ದಾನೆ, ಆದರೆ ಅವನು ನನಗೆ ಯಾವಾಗಲೂ ಕೆಟ್ಟದ್ದೇ ಹೇಳುತ್ತಾನೆ, ಅವನನ್ನು ಕಂಡರೆ ನನಗಾಗದು.

ತಮಾಷೆ ಏನೆಂದರೆ, ಮೀಕಾಯೆಹು ಬಂದವನೇ ಮೊದಲು 400 ಜನ ಹೇಳಿದ್ದನ್ನೇ ಹೇಳುತ್ತಾನೆ. ಅಹಾಬ ಅದನ್ನು ನಂಬುವುದಿಲ್ಲ! ‘ನಿಜ ಹೇಳು ಅಂತ ಎಷ್ಟು ಸಲ ಹೇಳಬೇಕು’ ಅಂತ ಸಿಟ್ಟಾಗುತ್ತಾನೆ. ಅಂದರೆ ಒಳಗೊಳಗೆ ಅವನಿಗೆ ಗೊತ್ತಿತ್ತು. ಮೀಕಾಯೆಹು ಸೋಲು ಬರುತ್ತದೆ ಅನ್ನುವ ನಿಜ ಹೇಳಿದ ಮೇಲೆ ಅಹಾಬ ಅವನನ್ನು ಸೆರೆಮನೆಗೆ ಹಾಕಿಸಿ, ತಾನು ವೇಷ ಮರೆಸಿಕೊಂಡು ಯುದ್ಧಕ್ಕೆ ಹೋದ. ವೇಷ ಯಾಕೆ ಬೇಕಿತ್ತು? ಗೆಲ್ಲುತ್ತೇನೆ ಅಂತ ನಂಬಿದವನು ವೇಷ ಹಾಕುವುದಿಲ್ಲ. ಯಾರೋ ಗುರಿಯಿಲ್ಲದೆ ಬಿಟ್ಟ ಬಾಣ ಅವನ ಕವಚದ ಸಂದಿಗೆ ಬಂದು ನಾಟಿತು.

ಹಾಗಾಗಿ ಎಷ್ಟು ಜನ ಒಂದೇ ಮಾತು ಹೇಳಿದರು ಅನ್ನುವುದು ಪುರಾವೆಯಲ್ಲ. ನಾನು ಈಗ ಮಾಡುವುದು ಇಷ್ಟು. ನೋಟ್‌ಬುಕ್ಕಿನಲ್ಲಿ ಬಂದ ಮಾತಿನ ಕೆಳಗೆ ಎರಡು ಪ್ರಶ್ನೆ ಬರೆಯುತ್ತೇನೆ. ಒಂದು, ‘ಈ ವಿಷಯದಲ್ಲಿ ನನಗೆ ಮುಂಚೆಯೇ ಏನು ಬೇಕಾಗಿತ್ತು?’ ಎರಡು, ‘ಇದೇ ವ್ಯಕ್ತಿ ಇದಕ್ಕೆ ಉಲ್ಟಾ ಹೇಳಿದ್ದರೆ ನಾನು ಇಷ್ಟೇ ಬೇಗ ನಂಬುತ್ತಿದ್ದೆನಾ?’ ಎರಡನೆಯದಕ್ಕೆ ಉತ್ತರ ‘ಇಲ್ಲ’ ಅಂತ ಬಂದರೆ ಆ ಮಾತು ಸುಳ್ಳು ಅಂತೇನಿಲ್ಲ. ನನ್ನ ತಕ್ಕಡಿ ಒಂದು ಕಡೆ ವಾಲಿದೆ ಅಂತ ಅಷ್ಟೇ. ವಾಲಿದ ತಕ್ಕಡಿ ಇಟ್ಟುಕೊಂಡು ತೂಗಬಾರದು.

ಆಸೆಯ ಹಾಗೆ ಭಯವೂ ತಕ್ಕಡಿ ವಾಲಿಸುತ್ತದೆ. ‘ನಿಮ್ಮ ಮನೆ ಮೇಲೆ ಶಾಪ ಇದೆ’ ಅನ್ನುವ ಮಾತನ್ನು ಆಸೆಯಿಂದ ಯಾರೂ ನಂಬುವುದಿಲ್ಲ, ಹೆದರಿ ನಂಬುತ್ತಾರೆ. ಕಾಯಿಲೆ, ಸಾವು, ಸಾಲ ಇದ್ದ ಮನೆಯಲ್ಲಿ ಈ ಮಾತು ಬೆಂಕಿ ಹತ್ತಿದ ಹಾಗೆ ಹತ್ತುತ್ತದೆ.

ಹಂತ 3: ವಾಕ್ಯದ ಮುಂದೆ ಇಡಿ, ಆದರೆ ಇಡೀ ಅಧ್ಯಾಯದ ಮುಂದೆ

ವಚನ ತೋರಿಸಿದ ಮಾತ್ರಕ್ಕೆ ಮಾತು ದೇವರದ್ದಾಗುವುದಿಲ್ಲ. ಸೈತಾನನೂ ವಚನ ತೋರಿಸಿದ. ದೇವಾಲಯದ ತುದಿಯಲ್ಲಿ ಯೇಸುವಿಗೆ 91ನೇ ಕೀರ್ತನೆ ಹೇಳಿ ‘ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ’ ಅಂದ. ಆ ಕೀರ್ತನೆಯ ಮುಂದಿನ ವಚನ ಸಿಂಹವನ್ನೂ ಸರ್ಪವನ್ನೂ ತುಳಿದು ಹಾಕುವ ಬಗ್ಗೆ ಇದೆ. ಅಲ್ಲಿಗೆ ಬರುವ ಮುಂಚೆಯೇ ಅವನು ನಿಲ್ಲಿಸಿದ. ಯೇಸು ‘ಅದು ವಾಕ್ಯವೇ ಅಲ್ಲ’ ಅಂತ ಹೇಳಲಿಲ್ಲ. ಇನ್ನೊಂದು ವಾಕ್ಯವನ್ನು ಪಕ್ಕದಲ್ಲಿ ತಂದಿಟ್ಟ.

ಈ ಹಂತ ಮಾಡುವ ರೀತಿ ಹೀಗೆ. ನಿಮಗೆ ಕೊಟ್ಟ ವಚನದ ಹಿಂದಿನ ಅಧ್ಯಾಯ, ಮುಂದಿನ ಅಧ್ಯಾಯ ಎರಡನ್ನೂ ಓದಿ. ಯಾರು ಯಾರಿಗೆ ಯಾವ ಪರಿಸ್ಥಿತಿಯಲ್ಲಿ ಹೇಳಿದ್ದು ಅಂತ ಒಂದು ಸಾಲಿನಲ್ಲಿ ಬರೆಯಿರಿ. ಆಮೇಲೆ ಅದನ್ನು ನಿಮ್ಮ ವಿಷಯಕ್ಕೆ ತನ್ನಿ.

ಯೆರೆಮೀಯ 29:11ನ್ನೇ ತೆಗೆದುಕೊಳ್ಳಿ. ನಿಮಗಾಗಿ ಇರುವ ನನ್ನ ಯೋಚನೆಗಳು ಕೇಡಿನವಲ್ಲ, ಹಿತದ ಯೋಚನೆಗಳು ಅನ್ನುವ ವಚನ. ಹೊಸ ಕೆಲಸಕ್ಕೆ, ಹೊಸ ಮನೆಗೆ, ಮದುವೆಗೆ ಎಲ್ಲಾ ಕಡೆ ಇದನ್ನು ಅಂಟಿಸುತ್ತೇವೆ. ಆದರೆ ಇದು ಬಾಬೆಲಿನಲ್ಲಿ ಸೆರೆಯಾಗಿದ್ದ ಜನರಿಗೆ ಬರೆದ ಪತ್ರ. ಸ್ವಲ್ಪ ಮೇಲಿನ ಸಾಲುಗಳಲ್ಲಿ ಏನಿದೆ? ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, 70 ವರ್ಷ ಆದ ಮೇಲೆ ವಾಪಸು ಕರೆತರುತ್ತೇನೆ. ಪತ್ರ ಓದಿದ ಹಿರಿಯರಲ್ಲಿ ಎಷ್ಟೋ ಜನ ಆ ವಾಪಸಾತಿಯನ್ನು ಕಣ್ಣಾರೆ ನೋಡುವಂತಿರಲಿಲ್ಲ. ವಚನ ಸುಳ್ಳಲ್ಲ. ನಾವು ಅದನ್ನು ‘ಬೇಗ’ ಅಂತ ಓದಿಕೊಂಡಿದ್ದೇವೆ.

ಪಕ್ಕದ 28ನೇ ಅಧ್ಯಾಯದಲ್ಲಿ ‘ಬೇಗ’ ಅಂದವನೊಬ್ಬ ಇದ್ದಾನೆ. ಹನನ್ಯ. ಅವನೂ ಯೆಹೋವನ ಹೆಸರಿನಲ್ಲೇ ಮಾತಾಡಿದ. ಎರಡು ವರ್ಷದೊಳಗೆ ದೇವಾಲಯದ ಸಾಮಾನೆಲ್ಲ ವಾಪಸು ಬರುತ್ತದೆ ಅಂದ. ಬಾಬೆಲಿಗೆ ತಲೆಬಾಗಬೇಕು ಅನ್ನುವ ಗುರುತಾಗಿ ಪ್ರವಾದಿ ಯೆರೆಮೀಯ ಕುತ್ತಿಗೆಗೆ ಹಾಕಿಕೊಂಡಿದ್ದ ಮರದ ನೊಗವನ್ನು ಎಲ್ಲರ ಮುಂದೆ ಕಿತ್ತು ಮುರಿದ. ಆ ಗುಂಪಿನಲ್ಲಿ ನಾನಿದ್ದಿದ್ದರೆ ಖಂಡಿತ ಚಪ್ಪಾಳೆ ಹೊಡೆಯುತ್ತಿದ್ದೆ. ಯೆರೆಮೀಯ ಏನು ಮಾಡಿದ? ‘ಆಮೆನ್, ಯೆಹೋವನು ಹಾಗೆಯೇ ಮಾಡಲಿ’ ಅಂದ. ಶಾಂತಿಯ ಪ್ರವಾದನೆ ಹೇಳಿದವನನ್ನು ಅದು ನೆರವೇರಿದ ಮೇಲೆ ನಂಬೋಣ ಅಂತ ಸೇರಿಸಿದ. ನೊಗ ಮುರಿದಾಗ ಜಗಳಕ್ಕೆ ನಿಲ್ಲದೆ ಸುಮ್ನೆ ಹೊರಟು ಹೋದ. ದೇವರ ಉತ್ತರ ಆಮೇಲೆ ಬಂತು. ನಿಜವಾದ ಪ್ರವಾದಿಗೂ ಆ ಕ್ಷಣದಲ್ಲಿ ಕೊಡಲು ಉತ್ತರ ಇರಲಿಲ್ಲ ಅನ್ನುವುದು ನನಗೆ ತುಂಬಾ ಸಮಾಧಾನ ಕೊಟ್ಟ ವಿಷಯ. ಹನನ್ಯ ಎರಡು ವರ್ಷ ಅಂದಿದ್ದ, ಎರಡು ತಿಂಗಳಲ್ಲಿ ಅವನೇ ತೀರಿಹೋದ.

ಇನ್ನೊಂದು ಮಾತು. ಯಾವ ಕೆಲಸಕ್ಕೆ ಸೇರಬೇಕು, ಯಾರನ್ನು ಮದುವೆಯಾಗಬೇಕು ಅಂತ ಬೈಬಲ್ ಹೆಸರು ಹಿಡಿದು ಹೇಳುವುದಿಲ್ಲ. ಅಂಥ ವಿಷಯದಲ್ಲಿ ಬಂದ ಪ್ರವಾದನೆಯನ್ನು ಬೈಬಲಿನಷ್ಟೇ ತೂಕ ಕೊಟ್ಟು ಹೊರಬೇಡಿ. ಯೋಚಿಸುವಾಗ ಅದನ್ನೂ ಒಂದು ಸಂಗತಿಯಾಗಿ ಇಟ್ಟುಕೊಳ್ಳಿ, ಸಾಕು.

ಹಂತ 4: ಅದ್ಭುತವನ್ನು ಪಕ್ಕಕ್ಕಿಟ್ಟು ಕೇಳಿ, ಇದು ಯಾರ ಕಡೆಗೆ ಕರೆದುಕೊಂಡು ಹೋಗುತ್ತಿದೆ?

‘ನನ್ನ ಹೆಸರು, ಊರು, ಕಾಯಿಲೆ ಎಲ್ಲಾ ಕರೆಕ್ಟಾಗಿ ಹೇಳಿದರು’ ಅನ್ನುವುದು ನಮ್ಮಲ್ಲಿ ದೊಡ್ಡ ಪ್ರಮಾಣಪತ್ರ. ಧರ್ಮೋಪದೇಶಕಾಂಡ 13 ಇದಕ್ಕೆ ನೇರವಾಗಿ ಅಡ್ಡ ನಿಲ್ಲುತ್ತದೆ. ಪ್ರವಾದಿ ಹೇಳಿದ ಗುರುತು ನಿಜವಾಗಿಯೂ ನಡೆದರೂ, ಅವನು ಬೇರೆ ದೇವರ ಕಡೆ ಕರೆದರೆ ಕಿವಿಗೊಡಬೇಡಿ ಅನ್ನುತ್ತದೆ.

ಫಿಲಿಪ್ಪಿಯಲ್ಲಿ ಕಣಿ ಹೇಳುವ ಆತ್ಮವಿದ್ದ ದಾಸಿಯೊಬ್ಬಳು ಪೌಲನ ಹಿಂದೆಯೇ ಕೂಗಿಕೊಂಡು ಬರುತ್ತಿದ್ದಳು: ಇವರು ಪರಾತ್ಪರನಾದ ದೇವರ ದಾಸರು, ರಕ್ಷಣೆಯ ದಾರಿ ಸಾರುತ್ತಾರೆ. ಒಂದು ಅಕ್ಷರವೂ ಸುಳ್ಳಲ್ಲ. ಪುಕ್ಕಟೆ ಪ್ರಚಾರ ಬೇರೆ! ಆದರೂ ಪೌಲ ಆ ಆತ್ಮವನ್ನು ಓಡಿಸಿದ. ಅವಳು ಅನೇಕ ದಿನ ಹೀಗೆ ಕೂಗಿದ ಮೇಲೆ ಓಡಿಸಿದ ಅನ್ನುವುದನ್ನೂ ಗಮನಿಸಿ.

ಕೂಟದಿಂದ ಮನೆಗೆ ಬಂದು ಅರ್ಧ ಗಂಟೆ ಆದ ಮೇಲೆ ನಿಮ್ಮನ್ನೇ ಕೇಳಿಕೊಳ್ಳಿ, ನಾನು ಈಗ ಯಾರ ಬಗ್ಗೆ ಮಾತಾಡುತ್ತಿದ್ದೇನೆ? ಶಿಲುಬೆ, ಪಶ್ಚಾತ್ತಾಪ, ಕ್ಷಮೆ ಇವು ಬಂದವಾ? ಯೇಸುವಿನ ಹೆಸರು ಬರೀ ಪ್ರಾರ್ಥನೆ ಮುಗಿಸುವ ಮೊಹರಾಗಿ ಉಳಿದು, ಬಾಯಲ್ಲಿರುವುದೆಲ್ಲ ಬೋಧಕರ ಹೆಸರೇ ಆಗಿದ್ದರೆ ಅಲ್ಲೊಂದು ಪ್ರಶ್ನೆ ಗುರುತು ಹಾಕಿ.

ಹಂತ 5: ಹಣ, ಗುಟ್ಟು, ಅವಸರ

ಫಲದಿಂದ ಮರ ಗೊತ್ತಾಗುತ್ತದೆ ಅಂದ ಯೇಸು. ಫಲ ಬರಲು ಕಾಲ ಬೇಕು. ಆದರೆ ಮೂರು ವಿಷಯ ಬೇಗ ಕಾಣಿಸುತ್ತವೆ.

ಹಣದ ಬಗ್ಗೆ ಆದಿಸಭೆ ಎಷ್ಟು ಹುಷಾರಾಗಿತ್ತು ಅನ್ನುವುದಕ್ಕೆ ‘ದಿದಾಖೆ’ ಅನ್ನುವ ಪುಟ್ಟ ಕೈಪಿಡಿ ನೋಡಬೇಕು. ಇದರ ಗ್ರೀಕ್ ಹಸ್ತಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿತು, 1883ರಲ್ಲಿ ಅಚ್ಚಾಯಿತು. ಊರೂರು ಸುತ್ತುವ ಬೋಧಕರ ಬಗ್ಗೆ ಅದರ ನಿಯಮ ಸರಳ. ಒಂದು ದಿನ ಇರಲಿ, ಬೇಕಾದರೆ ಎರಡು ದಿನ. ಮೂರನೇ ದಿನವೂ ಉಳಿದರೆ ಸುಳ್ಳು ಪ್ರವಾದಿ. ಹೊರಡುವಾಗ ದಾರಿಗೆ ರೊಟ್ಟಿ ಕೊಡಿ, ದುಡ್ಡು ಕೇಳಿದರೆ ಸುಳ್ಳು ಪ್ರವಾದಿ. ಆತ್ಮಾವೇಶದಲ್ಲಿ ‘ನನಗೆ ಹಣ ಕೊಡಿ’ ಅಂದರೆ ಕಿವಿಗೊಡಬೇಡಿ, ಕಷ್ಟದಲ್ಲಿರುವ ಬೇರೆಯವರಿಗಾಗಿ ಕೇಳಿದರೆ ಮಾತ್ರ ತೀರ್ಪು ಮಾಡಬೇಡಿ.

ಕೊನೆಯ ವಿನಾಯಿತಿಯನ್ನು ಕಳ್ಳರು ಚೆನ್ನಾಗಿ ಬಲ್ಲರು. ಪ್ರವಾದಿ ಎಲೀಷ, ತನ್ನಿಂದ ವಾಸಿಯಾದ ಸೇನಾಪತಿ ನಾಮಾನನನ್ನು ಕಾಣಿಕೆ ಬೇಡ ಅಂತ ಕಳಿಸಿದ ಮೇಲೆ, ಸೇವಕ ಗೇಹಜಿ ಹಿಂದೆಯೇ ಓಡಿ ಹೋಗಿ ಹೇಳಿದ್ದೇನು? ‘ಈಗ ತಾನೇ ಪ್ರವಾದಿಗಳ ಗುಂಪಿನ ಇಬ್ಬರು ಯುವಕರು ಬಂದಿದ್ದಾರೆ, ಅವರಿಗೆ ಕೊಡಿ.’ ತನಗೆ ಅಂತ ಕೇಳಲೇ ಇಲ್ಲ. ಎರಡು ತಲಾಂತು (ಆ ಕಾಲದ ಒಂದು ತೂಕ) ಬೆಳ್ಳಿ, ಎರಡು ಜೊತೆ ಬಟ್ಟೆ ಸೀದಾ ಅವನ ಮನೆ ಸೇರಿತು. ಆದ್ದರಿಂದ ಯಾರಿಗಾಗಿ ಕೇಳಿದರು ಅನ್ನುವುದರ ಜೊತೆಗೆ, ಅದು ಎಲ್ಲಿಗೆ ಹೋಯಿತು ಅಂತಲೂ ಕೇಳಿ. ಲೆಕ್ಕ ಕೇಳುವುದು ಪಾಪವಲ್ಲ.

ಗುಟ್ಟು: ‘ಇದನ್ನು ಮನೆಯವರಿಗೆ ಹೇಳಬೇಡ, ನಿಮ್ಮ ಸಭಾಪಾಲಕರಿಗೆ ಹೇಳಬೇಡ.’ ಈ ಮಾತು ಬಂದ ಕೂಡಲೇ ಹೇಳಬೇಕಾದವರಿಗೆ ಹೇಳಿ. ಅವಸರ: ‘ಇವತ್ತೇ ಕೊಡಬೇಕು, ಈಗಲೇ ತೀರ್ಮಾನ ಮಾಡಬೇಕು.’ ನಾಳೆಯೂ ದೇವರು ದೇವರೇ ಆಗಿರುತ್ತಾನೆ.

ಪ್ರಶ್ನೆ ಕೇಳಿದವರಿಗೆ ‘ದೇವರ ಅಭಿಷಿಕ್ತನನ್ನು (ದೇವರು ಆರಿಸಿ ನೇಮಿಸಿದವನನ್ನು) ಮುಟ್ಟಬೇಡ’ ಅಂತ 105ನೇ ಕೀರ್ತನೆ ತೋರಿಸಿ ಬಾಯಿ ಮುಚ್ಚಿಸುವುದೂ ಉಂಟು. ಆ ಕೀರ್ತನೆಯಲ್ಲಿ ಅದು ಅಲೆಮಾರಿಗಳಾಗಿದ್ದ ಅಬ್ರಹಾಮ, ಇಸಾಕ, ಯಾಕೋಬರ ಬಗ್ಗೆ ಅರಸರಿಗೆ ಕೊಟ್ಟ ಎಚ್ಚರಿಕೆ. ದಾವೀದ ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಅಭಿಷಿಕ್ತ ಅರಸ ಸೌಲನ ಮೇಲೆ ಕೈ ಎತ್ತಲಿಲ್ಲ, ನಿಜ. ಆದರೆ ಗವಿಯಿಂದ ಹೊರಗೆ ಬಂದು, ಕತ್ತರಿಸಿದ ನಿಲುವಂಗಿಯ ತುಂಡನ್ನು ತೋರಿಸಿ, ಎಲ್ಲರಿಗೂ ಕೇಳುವ ಹಾಗೆ ‘ಯಾಕೆ ನನ್ನನ್ನು ಬೇಟೆಯಾಡುತ್ತೀ’ ಅಂತ ಕೇಳಿದ.

ದೇಹವನ್ನು ಮುಟ್ಟುವುದು, ಮಕ್ಕಳಿಗೆ ತೊಂದರೆ ಕೊಡುವುದು, ಬೆದರಿಸಿ ಹಣ ಕೀಳುವುದು, ಇವುಗಳಿಗೆ ವಿವೇಚನೆಯ ಹಂತಗಳು ಬೇಕಾಗಿಲ್ಲ. ಅವು ಅಪರಾಧ. ಪೊಲೀಸರ ಹತ್ತಿರ ಹೋಗಿ. ‘ನಂಬಿಕೆ ಇದ್ದರೆ ಮಾತ್ರೆ ನಿಲ್ಲಿಸು’ ಅನ್ನುವವರ ಮಾತು ಕೇಳಿ ಔಷಧ ಬಿಡಬೇಡಿ. ನಿದ್ದೆಯಿಲ್ಲದೆ ದಿನಗಟ್ಟಲೆ ದನಿ ಕೇಳಿಸುತ್ತಿದ್ದರೆ, ಪ್ರಾರ್ಥನೆಯ ಜೊತೆಗೆ ವೈದ್ಯರನ್ನೂ ಕಾಣಿ.

ಹಂತ 6: ಆಮೇಲಿನ ರುಚಿ ನೋಡಿ

1521ರಲ್ಲಿ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ಬಡಿದು ಇಗ್ನೇಷಿಯಸ್ ಲೊಯೋಲಾ ಅನ್ನುವ ಸೈನಿಕ ಹಾಸಿಗೆ ಹಿಡಿದ. ಹೊತ್ತು ಕಳೆಯಲು ವೀರರ ಕಥೆ ಕೇಳಿದ, ಸಿಕ್ಕಿದ್ದು ಕ್ರಿಸ್ತನ ಜೀವನ ಮತ್ತು ಸಂತರ ಕಥೆಗಳು. ಮಲಗಿದಲ್ಲೇ ಒಮ್ಮೆ ಯುದ್ಧ, ರಾಣಿವಾಸದ ಕನಸು ಕಾಣುತ್ತಿದ್ದ. ಒಮ್ಮೆ ಸಂತರ ಹಾಗೆ ಬದುಕುವ ಕನಸು. ಎರಡೂ ಕಾಣುವಾಗ ಖುಷಿಯೇ. ವ್ಯತ್ಯಾಸ ಆಮೇಲೆ ಇತ್ತು. ಮೊದಲನೆಯದು ಮುಗಿದಾಗ ಮನಸ್ಸು ಬರಡು, ಎರಡನೆಯದು ಮುಗಿದ ಮೇಲೂ ಖುಷಿ ಉಳಿಯುತ್ತಿತ್ತು. ಮುಂದೆ ಅವನು ಬರೆದ ವಿವೇಚನೆಯ ನಿಯಮಗಳ ಬೇರು ಇಲ್ಲಿದೆ.

ಅವನ ಒಂದು ಹೋಲಿಕೆ ಚೆನ್ನಾಗಿದೆ. ದೇವರ ಕಡೆ ಸಾಗುತ್ತಿರುವವನಿಗೆ ಒಳ್ಳೆಯ ಆತ್ಮನ ಸ್ಪರ್ಶ ಸ್ಪಂಜಿನ ಮೇಲೆ ಬಿದ್ದ ನೀರ ಹನಿಯ ಹಾಗೆ, ಕೆಟ್ಟದ್ದರ ಸ್ಪರ್ಶ ಕಲ್ಲಿನ ಮೇಲೆ ಬಿದ್ದ ಹನಿಯ ಹಾಗೆ, ಸದ್ದು ಜಾಸ್ತಿ. ದೇವರಿಂದ ದೂರ ಹೋಗುತ್ತಿರುವವನಿಗೆ ಇದು ಉಲ್ಟಾ. ಇನ್ನೊಂದು ನಿಯಮ ಪ್ರಾಯೋಗಿಕವಾದದ್ದು: ಮನಸ್ಸು ಕತ್ತಲಾಗಿರುವಾಗ, ಮುಂಚೆ ಬೆಳಕಿನಲ್ಲಿ ಮಾಡಿದ ತೀರ್ಮಾನವನ್ನು ಬದಲಾಯಿಸಬೇಡ.

ಆದರೆ ‘ನನಗೆ ಸಮಾಧಾನ ಇದೆ’ ಅನ್ನುವುದನ್ನು ಒಂದೇ ಪುರಾವೆಯಾಗಿ ಹಿಡಿಯಬೇಡಿ. ದೇವರಿಂದ ಓಡಿಹೋಗುತ್ತಿದ್ದ ಪ್ರವಾದಿ ಯೋನ, ಬಿರುಗಾಳಿಯ ನಡುವೆ ಹಡಗಿನ ಅಡಿಯಲ್ಲಿ ಗಾಢ ನಿದ್ದೆ ಮಾಡುತ್ತಿದ್ದ.

ಹಂತ 7: ಇನ್ನೊಬ್ಬರಿಗೆ ಹೇಳಿ

ಮರುಭೂಮಿಯ ಸನ್ಯಾಸಿಗಳ ಬಗ್ಗೆ ಬರೆದ ಜಾನ್ ಕ್ಯಾಸಿಯನ್ ದಾಖಲಿಸಿದ ಹೆರೋನ್ ಎಂಬ ಸನ್ಯಾಸಿಯ ಕಥೆ ಓದಿದಾಗೆಲ್ಲ ನನಗೆ ಮೈ ನಡುಗುತ್ತದೆ. ಈಜಿಪ್ಟಿನ ಮರುಭೂಮಿಯಲ್ಲಿ 50 ವರ್ಷ ಕಠಿಣ ಉಪವಾಸ ಮಾಡಿದವನು. ಪುನರುತ್ಥಾನದ ಹಬ್ಬದ ದಿನವೂ ಸಹೋದರರ ಜೊತೆ ಊಟಕ್ಕೆ ಬರುತ್ತಿರಲಿಲ್ಲ, ಎಲ್ಲಿ ವ್ರತ ಸಡಿಲವಾಗುತ್ತದೋ ಅಂತ. ಒಂದು ದಿನ ದೇವದೂತನ ರೂಪ ಕಾಣಿಸಿತು. ‘ನಿನ್ನ ಪುಣ್ಯದಿಂದ ನಿನಗೇನೂ ಆಗುವುದಿಲ್ಲ’ ಅನ್ನುವುದನ್ನು ನಂಬಿ ಮಧ್ಯರಾತ್ರಿ ಆಳವಾದ ಬಾವಿಗೆ ಹಾರಿದ. ಸಹೋದರರು ಕಷ್ಟಪಟ್ಟು ಎತ್ತಿದರು. ಮೂರನೇ ದಿನ ಸತ್ತ. ಸಾಯುವವರೆಗೂ ಅದು ಮೋಸ ಅಂತ ಒಪ್ಪಲಿಲ್ಲ. ಅವನಲ್ಲಿ ಭಕ್ತಿಗೆ ಕೊರತೆ ಇರಲಿಲ್ಲ. ಹಾರುವ ಮುಂಚೆ ಒಬ್ಬರನ್ನು, ಒಂದೇ ಒಬ್ಬರನ್ನು ಕೇಳಿದ್ದರೆ?

ಅದೇ ಮರುಭೂಮಿಯ ಸನ್ಯಾಸಿಗಳ ನಡುವೆ ಇನ್ನೊಂದು ಕಥೆ ಇದೆ. ‘ನಾನು ಗಬ್ರಿಯೇಲ, ನಿನ್ನ ಹತ್ತಿರ ಕಳಿಸಿದ್ದಾರೆ’ ಅಂತ ಬಂದವನಿಗೆ ಹಿರಿಯನೊಬ್ಬ ಹೇಳಿದನಂತೆ: ‘ಸರಿಯಾಗಿ ನೋಡಪ್ಪಾ, ಬೇರೆ ಯಾರ ಹತ್ತಿರವೋ ಕಳಿಸಿರಬೇಕು. ನಾನು ಅಷ್ಟು ಯೋಗ್ಯನಲ್ಲ.’ ಬಂದವನು ಮಾಯ.

ಯಾರಿಗೆ ಹೇಳಬೇಕು? ನಿಮ್ಮ ತೀರ್ಮಾನದಿಂದ ಲಾಭವಾಗದವರಿಗೆ. ಮುಂಚೆ ಒಮ್ಮೆಯಾದರೂ ನಿಮಗೆ ‘ಬೇಡ’ ಅಂದು ನಿಮ್ಮ ಸಿಟ್ಟನ್ನು ಸಹಿಸಿದವರಿಗೆ. ನೋಟ್‌ಬುಕ್ಕಿನ ಸಾಲನ್ನು ಇದ್ದ ಹಾಗೆ ಓದಿ ಹೇಳಿ, ನಿಮಗೆ ಬೇಕಾದ ಅರ್ಥ ಸೇರಿಸಬೇಡಿ. ಕೊರಿಂಥದ ಸಭೆಗೆ ಪೌಲ ಹೇಳಿದ್ದೂ ಇಷ್ಟೇ, ಇಬ್ಬರೋ ಮೂವರೋ ಪ್ರವಾದಿಸಲಿ, ಉಳಿದವರು ತೂಗಿ ನೋಡಲಿ. ವಯಸ್ಸು, ಪದವಿ ಮಾತ್ರ ನೋಡಿ ಆರಿಸಬೇಡಿ. 1 ಅರಸುಗಳು 13ರಲ್ಲಿ, ‘ಅಲ್ಲಿ ಊಟ ಮಾಡಬೇಡ’ ಅಂತ ದೇವರ ಅಪ್ಪಣೆ ಪಡೆದು ಯೆಹೂದದಿಂದ ಬಂದ ದೇವರ ಮನುಷ್ಯನಿಗೆ ‘ದೇವದೂತ ನನಗೂ ಹೇಳಿದ, ಮನೆಗೆ ಬಂದು ಊಟ ಮಾಡು’ ಅಂತ ಸುಳ್ಳು ಹೇಳಿದವನು ಒಬ್ಬ ಮುದಿ ಪ್ರವಾದಿ. ನಂಬಿ ಊಟಕ್ಕೆ ಕೂತವನು ವಾಪಸು ಹೋಗುವ ದಾರಿಯಲ್ಲಿ ಸಿಂಹದ ಬಾಯಿಗೆ ಸಿಕ್ಕಿದ.

ಹಂತ 8: ಕಾಯಿರಿ, ದಿನಾಂಕ ಹಾಕಿ

ಪಕ್ಕದ ಊರಿನವರ ಜೊತೆ ಒಪ್ಪಂದ ಬೇಡ ಅಂತ ಇಸ್ರಾಯೇಲ್ಯರಿಗೆ ಅಪ್ಪಣೆ ಇತ್ತು. ಪಕ್ಕದ ಗಿಬ್ಯೋನ್ ಊರಿನವರು ಬೂಸಲು ಹಿಡಿದ ರೊಟ್ಟಿ, ತೇಪೆ ಹಾಕಿದ ಕೆರ ತೋರಿಸಿ ‘ಬಹು ದೂರದಿಂದ ಬಂದೆವು’ ಅಂದಾಗ ಇಸ್ರಾಯೇಲ್ಯರು ರೊಟ್ಟಿಯನ್ನು ಪರೀಕ್ಷಿಸಿದರು, ಯೆಹೋವನನ್ನು ಕೇಳಲಿಲ್ಲ. ಒಪ್ಪಂದ ಮಾಡಿಕೊಂಡ ಮೂರೇ ದಿನಕ್ಕೆ ಪಕ್ಕದವರೇ ಅಂತ ಗೊತ್ತಾಯಿತು. ನಾಲ್ಕು ದಿನ ತಡೆದಿದ್ದರೆ ಸಾಕಿತ್ತು.

ದಿನಾಂಕ ಹೇಳಿದ ಪ್ರವಾದನೆಯನ್ನು ಅಳೆಯುವುದು ಸುಲಭ. ಹೇಳಿದ್ದು ನಡೆಯದಿದ್ದರೆ ಅದು ಯೆಹೋವನ ಮಾತಲ್ಲ ಅನ್ನುತ್ತದೆ ಧರ್ಮೋಪದೇಶಕಾಂಡ 18. ಕಷ್ಟ ಇರುವುದು ದಿನಾಂಕ ದಾಟಿದ ಮೇಲೆ. ಅಮೆರಿಕದ ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21ಕ್ಕೆ ತೀರ್ಪಿನ ದಿನ ಅಂದರು. ಏನೂ ಆಗಲಿಲ್ಲ. ‘ಆತ್ಮಿಕವಾಗಿ ಆಗಿದೆ, ಲೋಕದ ಕೊನೆ ಅಕ್ಟೋಬರ್ 21ಕ್ಕೆ’ ಅಂದರು. ಅದೂ ದಾಟಿತು. 2012ರಲ್ಲಿ ತಪ್ಪೊಪ್ಪಿಕೊಂಡರು. ಆ ಹೊತ್ತಿಗೆ ಅವರನ್ನು ನಂಬಿದ ಕೆಲವರು ಉಳಿತಾಯವನ್ನೆಲ್ಲ ಪ್ರಚಾರಕ್ಕೆ ಸುರಿದು ಆಗಿತ್ತು. ‘ಆತ್ಮಿಕವಾಗಿ ಆಗಿದೆ’ ಅನ್ನುವ ತಿರುವು ಬಂದಾಗ ನೋಟ್‌ಬುಕ್ ತೆಗೆದು ಮೂಲ ಪದಗಳನ್ನು ಓದಿ.

ಮೊಬೈಲಿಗೆ ಬರುವ ತುಂಡು ವಿಡಿಯೋಗಳಿಗೂ ಇದೇ ಮದ್ದು. ಫಾರ್ವರ್ಡ್ ಮಾಡುವ ಮುಂಚೆ ಒಂದು ದಿನ ಬಿಡಿ, ಪೂರ್ತಿ ಸಂದೇಶ ಹುಡುಕಿ ಕೇಳಿ. ಈಗ ಬೋಧಕರ ಮುಖ, ದನಿ ಎರಡನ್ನೂ ಯಂತ್ರದಿಂದ ಹುಟ್ಟಿಸಬಹುದು.

ಈಗಾಗಲೇ ಮೋಸ ಹೋಗಿದ್ದರೆ

ನಾಚಿಕೆಯೇ ಜನರನ್ನು ಮೋಸದೊಳಗೆ ಹೆಚ್ಚು ಕಾಲ ಹಿಡಿದಿಡುವುದು. ಮೊದಲು ಒಬ್ಬರ ಹತ್ತಿರ ಪೂರ್ತಿ ಹೇಳಿ. ಹಣ, ಸಮಯ ಕೊಡುವುದನ್ನು ಅಲ್ಲಿಗೆ ನಿಲ್ಲಿಸಿ. ನಿಮ್ಮಿಂದಾಗಿ ಅದೇ ದಾರಿಗೆ ಬಂದವರು ಇದ್ದರೆ ಅವರ ಹತ್ತಿರ ಹೋಗಿ ‘ನಾನು ಹೇಳಿದ್ದು ತಪ್ಪು’ ಅನ್ನಿ. ನಾನು ಇಬ್ಬರ ಹತ್ತಿರ ಹೋಗಬೇಕಾಯಿತು. ಒಬ್ಬರು ನಕ್ಕರು, ಇನ್ನೊಬ್ಬರು ಬಹಳ ದಿನ ಮಾತು ಬಿಟ್ಟರು. ಮೋಸ ಮಾಡಿದವರ ಮೇಲಿನ ಸಿಟ್ಟಿನಲ್ಲಿ ಪ್ರಾರ್ಥನೆ, ಸಭೆ, ಬೈಬಲ್ ಎಲ್ಲವನ್ನೂ ಒಟ್ಟಿಗೆ ಬಿಸಾಡಬೇಡಿ. ಸ್ವಲ್ಪ ದಿನ ಪ್ರವಾದನೆ, ದರ್ಶನಗಳ ಗೋಜಿಗೆ ಹೋಗದೆ ಒಂದು ಸುವಾರ್ತೆಯನ್ನು ಮೊದಲಿನಿಂದ ನಿಧಾನವಾಗಿ ಓದಿ. ನಾನು ಮಾರ್ಕನ ಸುವಾರ್ತೆ ಹಿಡಿದೆ, ಚಿಕ್ಕದು ಅನ್ನುವ ಕಾರಣಕ್ಕೆ.

ನೋಟ್‌ಬುಕ್ಕಿನಲ್ಲಿ ಈಗ ಸುಮಾರು ನಲವತ್ತು ಸಾಲುಗಳಿವೆ. ಕೆಲವದರ ಮುಂದೆ ‘ನಡೆಯಿತು’ ಅಂತ ಇದೆ, ಇನ್ನು ಕೆಲವದರ ಮುಂದೆ ‘ನನ್ನ ಆಸೆ’ ಅಂತ. ಎರಡು ವರ್ಷದ ಹಿಂದೆ ಸಭೆಯ ಅಜ್ಜಿಯೊಬ್ಬರು ತಡವರಿಸುತ್ತಾ ಹೇಳಿದ ಒಂದು ಮಾತಿದೆ. ಅದು ನನಗೆ ಆವತ್ತೂ ಇಷ್ಟವಾಗಿರಲಿಲ್ಲ, ಇವತ್ತೂ ಇಷ್ಟವಿಲ್ಲ. ಅದರ ಮುಂದೆ ಪೆನ್ಸಿಲಿನಲ್ಲಿ ‘ಇನ್ನೂ ಗೊತ್ತಿಲ್ಲ’ ಅಂತ ಬರೆದಿದ್ದೇನೆ.